ಬೇಸ್‌ಲೈನ್ ಇಲ್ಲ, ಏಜೆನ್ಸಿಗೆ ಕೊಡಲು ದುಡ್ಡಿಲ್ಲ: ಸಂಜೆ ಕಲಿಕಾ ಕೇಂದ್ರದ ಫಲ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಮಳವಳ್ಳಿ ತಾಲ್ಲೂಕಿನ 12 ಹಳ್ಳಿಗಳಲ್ಲಿ ಮೂರು ವರ್ಷದಿಂದ ಸಂಜೆ ಕಲಿಕಾ ಕೇಂದ್ರ ನಡೆಸುತ್ತಿದ್ದೇವೆ. 3ರಿಂದ 5ನೇ ತರಗತಿಯ ಸುಮಾರು 340 ಮಕ್ಕಳು ಬರುತ್ತಾರೆ. ಪಿಯುಸಿ, ಡಿಗ್ರಿ ಓದಿದ ಊರಿನ ಹೆಣ್ಣುಮಕ್ಕಳೇ ಪಾಠ ಹೇಳುವವರು. ಬೆಂಗಳೂರಿನ ಕಂಪನಿಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ವರ್ಷಕ್ಕೆ 18 ಲಕ್ಷ ಕೊಡುತ್ತದೆ. ಈ ಸಲ ಹಣ ಮುಂದುವರಿಯಬೇಕಾದರೆ ‘ಇಂಪ್ಯಾಕ್ಟ್ ಅಸೆಸ್‌ಮೆಂಟ್’ (ಪರಿಣಾಮ ಮೌಲ್ಯಮಾಪನ) ವರದಿ ಬೇಕೇ ಬೇಕು, ಕಾನೂನೇ ಹಾಗಿದೆ ಎನ್ನುತ್ತಿದ್ದಾರೆ. ಏಜೆನ್ಸಿಯೊಂದನ್ನು ವಿಚಾರಿಸಿದೆವು, 7 ಲಕ್ಷ ಅಂದರು. ನಮ್ಮ ಹತ್ತಿರ ಇರುವುದು ಹಾಜರಿ ಪುಸ್ತಕ, ಫೋಟೊಗಳು, ಅಷ್ಟೇ. ಶುರುವಿನಲ್ಲಿ ಮಕ್ಕಳ ಮಟ್ಟ ಅಳೆದಿರಲಿಲ್ಲ, ಅಂದರೆ ಬೇಸ್‌ಲೈನ್ ಇಲ್ಲ. ಜೂನ್‌ನಿಂದ ಇನ್ನೂ 6 ಹಳ್ಳಿಗೆ ಹೋಗಬೇಕೆಂದಿದ್ದೇವೆ. ನಾವೇ ಮೌಲ್ಯಮಾಪನ ಮಾಡಿಕೊಂಡರೆ ಯಾರಾದರೂ ನಂಬುತ್ತಾರಾ? ಎಲ್ಲಿಂದ ಶುರು ಮಾಡಬೇಕು, ಮೇಡಂ?

ಉತ್ತರ: ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಿಮ್ಮನ್ನು ಹೆದರಿಸಿರುವುದು ಅದೇ. ಸಿಎಸ್‌ಆರ್ ಬಂದದ್ದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನಿಂದ. ಅದರ ನಿಯಮಗಳಿಗೆ 2021ರ ಜನವರಿಯಲ್ಲಿ ತಿದ್ದುಪಡಿ ಆದಾಗ ಪರಿಣಾಮ ಮೌಲ್ಯಮಾಪನ ಕಡ್ಡಾಯವಾಯಿತು ನಿಜ, ಆದರೆ ಎಲ್ಲರಿಗೂ ಅಲ್ಲ. ಹಿಂದಿನ ಮೂರು ಹಣಕಾಸು ವರ್ಷಗಳ ಸರಾಸರಿ ಸಿಎಸ್‌ಆರ್ ಬಾಧ್ಯತೆ 10 ಕೋಟಿ ರೂಪಾಯಿಯಾದರೂ ಇರುವ ಕಂಪನಿಗೆ ಮಾತ್ರ. ಅದೂ 1 ಕೋಟಿ ಅಥವಾ ಅದಕ್ಕೂ ಹೆಚ್ಚು ವೆಚ್ಚದ, ಮುಗಿದು ಕನಿಷ್ಠ ಒಂದು ವರ್ಷ ಕಳೆದ ಯೋಜನೆಗಳಿಗೆ ಮಾತ್ರ. ನಿಮ್ಮದು ಮೂರು ವರ್ಷ ಕೂಡಿಸಿದರೂ 54 ಲಕ್ಷ, ಇನ್ನೂ ನಡೆಯುತ್ತಲೇ ಇದೆ. ಬೇರೆ ಸಂಸ್ಥೆಗಳ ಕೆಲಸದ ಜೊತೆ ನಿಮ್ಮದನ್ನೂ ಸೇರಿಸಿ ಒಂದೇ ದೊಡ್ಡ ಯೋಜನೆ ಎಂದು ಕಂಪನಿ ಲೆಕ್ಕ ಹಿಡಿದಿದ್ದರೆ ಮಾತು ಬೇರೆ, ಅದನ್ನು ನೇರವಾಗಿ ಕೇಳಿ. ಹಾಗಿದ್ದರೂ ಆ ಅಧ್ಯಯನವನ್ನು ಸ್ವತಂತ್ರ ಸಂಸ್ಥೆಯಿಂದ ಮಾಡಿಸಬೇಕಾದ್ದು ಕಂಪನಿಯೇ. 2022ರ ತಿದ್ದುಪಡಿಯಂತೆ ಆ ವರ್ಷದ ಸಿಎಸ್‌ಆರ್ ವೆಚ್ಚದ ಶೇ 2 ಅಥವಾ 50 ಲಕ್ಷ, ಯಾವುದು ಹೆಚ್ಚೋ ಅಷ್ಟರವರೆಗೆ ಆ ಖರ್ಚನ್ನು ಸಿಎಸ್‌ಆರ್ ಲೆಕ್ಕಕ್ಕೇ ಹಾಕಿಕೊಳ್ಳಬಹುದು. ನಿಮ್ಮ ಶಿಕ್ಷಕಿಯರ ಗೌರವಧನ ಕತ್ತರಿಸಿ ಏಜೆನ್ಸಿಗೆ ಕೊಡುವ ಪ್ರಮೇಯ ಎರಡರಲ್ಲೂ ಇಲ್ಲ.

ದುಡ್ಡು ಕೊಟ್ಟವರು ಫಲ ಕೇಳುವುದು ನ್ಯಾಯವೇ. ಕಡ್ಡಾಯ ಅಲ್ಲ ಎಂದ ಮೇಲೆ ಎಂಥ ಅಧ್ಯಯನ, ಎಷ್ಟು ಖರ್ಚಿನಲ್ಲಿ, ಯಾರಿಂದ ಎನ್ನುವುದನ್ನು ಕೂತು ಮಾತಾಡಲು ನಿಮಗೆ ಜಾಗ ಸಿಕ್ಕಿತು, ಅಷ್ಟೇ.

ಆ 7 ಲಕ್ಷಕ್ಕೆ ಏನು ಬರುತ್ತಿತ್ತು? ಒಳ್ಳೆಯ ಏಜೆನ್ಸಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಮೇಜಿಗೆ ಬರುವ ವರದಿಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ನಾಲ್ಕಾರು ದಿನ ಇಬ್ಬರು ಹುಡುಗರು ಬಂದು, ಸಂಸ್ಥೆಯ ಶಿಕ್ಷಕಿಯನ್ನೇ ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ, ‘ಕೇಂದ್ರದಿಂದ ನಿಮ್ಮ ಮಗುವಿಗೆ ಅನುಕೂಲ ಆಗಿದೆಯೇ?’ ಎಂದು ಕೇಳುತ್ತಾರೆ. ಪಾಠ ಹೇಳುವ ಹುಡುಗಿ ಎದುರಿಗೇ ನಿಂತಿರುವಾಗ ಮಂಡ್ಯ ಸೀಮೆಯ ಯಾವ ತಾಯಿ ಇಲ್ಲ ಎಂದಾಳು? ‘ಊಂ ಕಣವ್ವ, ಚೆನ್ನಾಗ್ ಯೇಳ್ಕೊಡ್ತರೆ, ಒಳ್ಳೇದಾಗದೆ’ ಎನ್ನುತ್ತಾಳೆ. ವರದಿಯಲ್ಲಿ ಅದು ಬಣ್ಣದ ಚಕ್ರವಾಗಿ, ‘ಬಹುಪಾಲು ಪೋಷಕರು ಅತ್ಯಂತ ತೃಪ್ತರು’ ಎಂದಾಗುತ್ತದೆ. ಮಗು ಓದುತ್ತದೆಯೋ ಇಲ್ಲವೋ ಎನ್ನುವುದು 60 ಪುಟದಲ್ಲಿ ಎಲ್ಲೂ ಇರುವುದಿಲ್ಲ. ಇಂಥದ್ದಕ್ಕಿಂತ ನೀವೇ ಮಾಡಿದ ಎಂಟು ಪುಟ ಮೇಲು. ಒಂದು ಷರತ್ತು: ಯಾವುದು ಗೊತ್ತಾಯಿತು, ಯಾವುದು ಗೊತ್ತಾಗಲಿಲ್ಲ ಎಂದು ಅದರಲ್ಲಿ ನೇರವಾಗಿ ಬರೆದಿರಬೇಕು.

ಎಲ್ಲಿಂದ ಶುರು ಎಂದಿರಿ. ಪ್ರಶ್ನಾವಳಿ ಬರೆಯುವುದನ್ನು ಬದಿಗಿಡಿ. ಬರುವ ವರ್ಷ ನೀವು ಯಾವ ಯಾವ ನಿರ್ಧಾರ ತೆಗೆದುಕೊಳ್ಳಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹೊಸ 6 ಹಳ್ಳಿಗೆ ಹೋಗುವುದೋ, ಇರುವ 12ನ್ನೇ ಗಟ್ಟಿ ಮಾಡುವುದೋ? ಮೂರನೇ ತರಗತಿಗೆ ಹೆಚ್ಚು ಗಮನ ಕೊಡಬೇಕೋ, ಐದಕ್ಕೋ? ಕೇಂದ್ರ ಈಗಿರುವ ಜಾಗದಲ್ಲೇ ಇರಬೇಕೋ? ಉತ್ತರ ಏನೇ ಬಂದರೂ ನೀವು ಮಾಡುವ ಕೆಲಸ ಬದಲಾಗುವುದಿಲ್ಲ ಎಂದಾದರೆ ಆ ಪ್ರಶ್ನೆಯನ್ನು ಕೈಬಿಡಿ. ಹೀಗೆ ಸೋಸಿದರೆ ಕೊನೆಗೆ ಉಳಿಯುವುದು ಎರಡು: ಕೇಂದ್ರ ಇರುವ ಊರಿನ ಮಕ್ಕಳು, ಕೇಂದ್ರ ಇಲ್ಲದಿದ್ದರೆ ಓದುತ್ತಿದ್ದುದಕ್ಕಿಂತ ಹೆಚ್ಚು ಓದುತ್ತಿದ್ದಾರೆಯೇ? ಯಾರು ಬರುತ್ತಿಲ್ಲ, ಏಕೆ? ದಾನಿಗೆ ಬೇಕಾದದ್ದು ಮೊದಲನೆಯದು. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು, ಅದಕ್ಕೆ ತಗಲುವ ಖರ್ಚೂ ಕಮ್ಮಿ.

ಅಳೆಯುವ ಸಾಧನವನ್ನು ಹೊಸದಾಗಿ ಕಟ್ಟುವ ಉಸಾಬರಿ ಬೇಡ. ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಅದರಲ್ಲಿರುವುದು ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಒಂದು ಮಗು, ಒಬ್ಬ ಪರೀಕ್ಷಕಿ, ಬಾಯಲ್ಲಿ ಓದಿಸುವುದು, ಐದಾರು ನಿಮಿಷ. ಮೊದಲು ಪ್ಯಾರಾ ಕೊಡಿ. ಸರಾಗವಾಗಿ, ಮೂರು ತಪ್ಪಿನೊಳಗೆ ಓದಿದರೆ ಕಥೆ. ಆಗದಿದ್ದರೆ ಪದಗಳು, ಐದರಲ್ಲಿ ನಾಲ್ಕು ಸರಿ ಇರಬೇಕು. ಅದೂ ಆಗದಿದ್ದರೆ ಅಕ್ಷರ. ಮಗು ನಿಲ್ಲುವ ಮೆಟ್ಟಿಲೇ ಅದರ ಮಟ್ಟ. ಬರವಣಿಗೆ ಪರೀಕ್ಷೆ ಬೇಡವೆನ್ನಲು ಕಾರಣವಿದೆ. ಬೋರ್ಡಿನ ಮೇಲಿನದನ್ನು ಮುತ್ತಿನಂತೆ ನಕಲು ಮಾಡಿ, ಅದನ್ನೇ ಓದು ಎಂದರೆ ತಲೆ ಬಗ್ಗಿಸುವ ಮಕ್ಕಳು ಪ್ರತಿ ಊರಿನಲ್ಲೂ ಇರುತ್ತಾರೆ.

ಇದರ ಜೊತೆಗೆ ನಿಮ್ಮದೇ ಇನ್ನೊಂದು ಅರ್ಧ ಪುಟ ಸೇರಿಸಿ ಎನ್ನುತ್ತೇನೆ. ಕನ್ನಡದಲ್ಲಿ ಮಕ್ಕಳು ಮುಗ್ಗರಿಸುವುದು ಮೂಲಾಕ್ಷರದಲ್ಲಿ ಅಲ್ಲ. ಕಾಗುಣಿತಕ್ಕೆ ಬಂದಾಗ ಒಮ್ಮೆ, ಒತ್ತಕ್ಷರಕ್ಕೆ ಬಂದಾಗ ಇನ್ನೊಮ್ಮೆ. ‘ಮರ, ಸರ, ಬಸವ’ ಸಲೀಸಾಗಿ ಓದುವ ಹುಡುಗ ‘ಪುಸ್ತಕ’ಕ್ಕೆ ಬಂದು ನಿಂತುಬಿಡುತ್ತಾನೆ. ಹತ್ತು ಕಾಗುಣಿತದ ಪದ, ಹತ್ತು ಒತ್ತಕ್ಷರದ ಪದ ಇಟ್ಟುಕೊಳ್ಳಿ. ಇದು ದಾನಿಗೆ ಕೊಡುವ ವರದಿಗಲ್ಲ, ಮರುದಿನ ಯಾರಿಗೆ ಏನು ಹೇಳಿಕೊಡಬೇಕು ಎಂದು ಶಿಕ್ಷಕಿಗೆ ಗೊತ್ತಾಗಲಿಕ್ಕೆ. ಓದಿದ್ದು ಅರ್ಥವಾಯಿತೇ ಎಂಬುದನ್ನು ಅಸರ್ ಹಾಳೆ ಹೇಳುವುದಿಲ್ಲ, ಹಾಗಾಗಿ ಕಥೆ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ ಬೇರೆ ಕಾಲಮಿನಲ್ಲಿ ಬರೆದುಕೊಳ್ಳಿ. ಇನ್ನು, ಜೂನ್‌ನಲ್ಲಿ ಬಳಸಿದ ಹಾಳೆಯನ್ನೇ ಮಾರ್ಚ್‌ನಲ್ಲಿ ಬಳಸಬಾರದು, ಅದನ್ನು ಕೇಂದ್ರದಲ್ಲಿ ಅಭ್ಯಾಸಕ್ಕೂ ಬಿಡಬಾರದು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಾರೆ.

ಈಗ ಕಷ್ಟದ ಭಾಗಕ್ಕೆ ಬರೋಣ. ಜೂನ್‌ನಲ್ಲಿ ನೂರಕ್ಕೆ 30 ಮಕ್ಕಳು ಪ್ಯಾರಾ ಓದುತ್ತಿದ್ದರು, ಮಾರ್ಚ್‌ನಲ್ಲಿ 55 ಮಕ್ಕಳು ಓದಿದರು ಎನ್ನಿ. ಈ 25 ನಿಮ್ಮ ಸಾಧನೆಯೇ? ಅಲ್ಲ. ಮಗು ಒಂಬತ್ತು ತಿಂಗಳು ದೊಡ್ಡದಾಗಿದೆ, ಹಗಲೆಲ್ಲ ಶಾಲೆಗೆ ಹೋಗಿದೆ, ಅಲ್ಲಿಯೂ ಯಾರೋ ಕಲಿಸಿದ್ದಾರೆ. ಕಬ್ಬಿನ ಲಾರಿಯನ್ನು ಕಾರ್ಖಾನೆಯ ತೂಕದ ಸೇತುವೆ ಮೇಲೆ ನಿಲ್ಲಿಸಿದಾಗ ಬರುವ ಅಂಕಿಯಲ್ಲಿ ಖಾಲಿ ಲಾರಿಯ ಭಾರವನ್ನು ಕಳೆಯದೆ ಯಾರೂ ದುಡ್ಡು ಲೆಕ್ಕ ಹಾಕುವುದಿಲ್ಲ. ಇಲ್ಲಿಯೂ ಕೇಂದ್ರವಿಲ್ಲದೆಯೂ ಆಗುತ್ತಿದ್ದ ಕಲಿಕೆಯನ್ನು ಕಳೆಯಬೇಕು. ಅದನ್ನು ತಿಳಿಯುವ ದಾರಿ, ಕೇಂದ್ರವಿಲ್ಲದ ಅಂಥದ್ದೇ ಊರಿನ ಮಕ್ಕಳನ್ನು ಅದೇ ಜೂನ್ ಮತ್ತು ಅದೇ ಮಾರ್ಚ್‌ನಲ್ಲಿ ಓದಿಸಿ ನೋಡುವುದು. ಅಲ್ಲಿ 32 ಇದ್ದದ್ದು 47 ಆಗಿದ್ದರೆ, ನಿಮ್ಮ ಪಾಲು 25ರಲ್ಲಿ 15 ಕಳೆದು ಉಳಿದ 10.

ನಿಮ್ಮ ಜಿಲ್ಲೆಯಲ್ಲಿ ಈ ಕಳೆಯುವ ಲೆಕ್ಕ ಬಿಟ್ಟರೆ ಎಷ್ಟು ಮೋಸ ಹೋಗಬಹುದು ಎನ್ನಲು ಮಕ್ಕಳ ಓದಿಗಿಂತ ಆದಾಯದ ಯೋಜನೆಗಳೇ ಸರಿಯಾದ ನಿದರ್ಶನ. ಹೊಲಿಗೆ ತರಬೇತಿ, ಹಸು ಸಾಕಣೆ, ಸ್ವಸಹಾಯ ಸಂಘ ನಡೆಸುವ ಸಂಸ್ಥೆಗಳವರೂ ಇದನ್ನು ಓದುತ್ತಿರಬಹುದು. 2023ರಲ್ಲಿ ಮಳೆ ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ, ನಾಲೆ ನೀರು ನಂಬಿದವರ ಬೆಳೆ ಹೋಯಿತು. 2024ರ ಜುಲೈನಲ್ಲಿ ಅಣೆಕಟ್ಟು 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಿತು. 2023ರಲ್ಲಿ ಬೇಸ್‌ಲೈನ್ ಮಾಡಿ 2025ರಲ್ಲಿ ಮತ್ತೆ ಆದಾಯ ಕೇಳಿದ ಯಾವ ಸಂಸ್ಥೆಯಾದರೂ ‘ಅಪಾರ ಯಶಸ್ಸು’ ಎಂದು ಬರೆದುಕೊಳ್ಳಬಹುದು, ಕಾವೇರಿ ಮಾಡಿದ ಕೆಲಸ ಅದು. ಇದರ ಮೇಲೆ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದೇ ವರ್ಷದ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ‘ನಮ್ಮ ತರಬೇತಿಯಿಂದ ಮಹಿಳೆಯರ ಕೈಯಲ್ಲಿ ದುಡ್ಡು ಓಡಾಡುತ್ತಿದೆ, ಪೇಟೆಗೆ ಹೋಗಿ ಬರುವುದು ಹೆಚ್ಚಾಗಿದೆ’ ಎಂದು ಬರೆಯುವ ಮೊದಲು, ತರಬೇತಿ ಇಲ್ಲದ ಪಕ್ಕದೂರಿನಲ್ಲಿ ಏನಾಗಿದೆ ಎಂದು ನೋಡಿ ಬರಬೇಕು. ಅಲ್ಲಿಯೂ ಓಡಾಡುತ್ತಿರುತ್ತದೆ.

ಪಕ್ಕದೂರನ್ನು ಆರಿಸುವುದು ಹೇಗೆ? ನಿಮಗೆ ಅದೃಷ್ಟವಿದೆ. ಈ ಜೂನ್‌ಗೆ 6 ಹೊಸ ಹಳ್ಳಿ ಎಂದಿರಿ. ಆರನ್ನು ನೀವೇ ಆರಿಸಬೇಡಿ. ಬರುವ ಎರಡು ವರ್ಷದಲ್ಲಿ ಹೋಗಬಹುದಾದ 12 ಹೊಸ ಹಳ್ಳಿಗಳ ಪಟ್ಟಿ ಮಾಡಿ. ಶಾಲೆಯಲ್ಲಿ ಮಕ್ಕಳು ಎಷ್ಟು, ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಊರೋ ಮಳೆ ನಂಬಿದ ಊರೋ, ಮುಖ್ಯರಸ್ತೆಗೆ ಎಷ್ಟು ದೂರ, ಇವನ್ನು ನೋಡಿ ಒಂದನ್ನೊಂದು ಹೋಲುವ ಎರಡೆರಡು ಊರನ್ನು ಜೋಡಿ ಮಾಡಿ. ಆಮೇಲೆ ಪ್ರತಿ ಜೋಡಿಗೂ ಚೀಟಿ ಎತ್ತಿಸಿ: ಈ ವರ್ಷ ಯಾವುದು, ಮುಂದಿನ ವರ್ಷ ಯಾವುದು. ಗ್ರಾಮ ಪಂಚಾಯಿತಿ ಸದಸ್ಯರು, ಪಿಡಿಒ, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ), ಮುಖ್ಯೋಪಾಧ್ಯಾಯರ ಎದುರಿನಲ್ಲಿ ಎತ್ತಿಸಿ. ನಮ್ಮ ಜನಕ್ಕೆ ಚೀಟಿ ಎತ್ತುವುದು ಹೊಸದಲ್ಲ. ‘ಅವರ ಕಡೆಯವರಿಗೆ ಕೊಟ್ಟರು’ ಎಂಬ ಮಾತು ಏಳುವುದಿಲ್ಲ ಎನ್ನುವುದೇ ಒಂದು ಲಾಭ. ಎಲ್ಲ ಊರಿಗೂ ಒಂದೇ ಸಲ ಹೋಗುವಷ್ಟು ಹಣ ಹೇಗೂ ನಿಮ್ಮಲ್ಲಿಲ್ಲ, ಯಾರಿಂದಲೂ ಏನನ್ನೂ ಕಿತ್ತುಕೊಂಡಂತಲ್ಲ. ಚೀಟಿಯ ನಿಜವಾದ ಗುಣ ಬೇರೆ. ನೀವೇ ಆರಿಸಿದರೆ ಹುರುಪಿನ ಮೇಷ್ಟ್ರು ಇರುವ, ಜಾಗ ಕೊಡಲು ಮುಂದೆ ಬರುವ ಊರನ್ನೇ ಆರಿಸುತ್ತೀರಿ. ಅಂಥ ಊರಿನ ಮಕ್ಕಳು ನೀವು ಹೋಗದಿದ್ದರೂ ಮುಂದಿರುತ್ತಿದ್ದರು.

ಒಂದು ಊರಿಗೆ ಈ ವರ್ಷ ಇಲ್ಲ ಎನ್ನಲು ಮನಸ್ಸು ಬಾರದಿದ್ದರೆ ಇನ್ನೊಂದು ಉಪಾಯವಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ (2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು) ಮತ್ತು ಸಂಗಡಿಗರು ಹಿಂದುಳಿದ ಮಕ್ಕಳಿಗೆ ಬೇರೆಯಾಗಿ ಪಾಠ ಹೇಳುವ ಪ್ರಥಮ್‌ನ ‘ಬಾಲಸಖಿ’ ಕಾರ್ಯಕ್ರಮವನ್ನು ವಡೋದರ, ಮುಂಬೈ ಶಾಲೆಗಳಲ್ಲಿ ಪರೀಕ್ಷಿಸಿದಾಗ ಕೆಲವು ಶಾಲೆಗಳಿಗೆ ಮೂರನೇ ತರಗತಿಗೆ ಬಾಲಸಖಿಯನ್ನು ಕೊಟ್ಟರು, ಉಳಿದವಕ್ಕೆ ನಾಲ್ಕನೆಯದಕ್ಕೆ. ಎಲ್ಲ ಶಾಲೆಗೂ ಏನೋ ಒಂದು ಸಿಕ್ಕಿತು, ಹೋಲಿಕೆಗೂ ದಾರಿಯಾಯಿತು. ಅಲ್ಲಿ ಪಾಠ ಹೇಳಿದವರೂ ನಿಮ್ಮವರಂತೆಯೇ ಊರಿನ ಓದಿದ ಹುಡುಗಿಯರು. ಕಲಿಕೆ ಸ್ಪಷ್ಟವಾಗಿ ಏರಿತು. ಆದರೆ ಕಾರ್ಯಕ್ರಮ ಬಿಟ್ಟ ಒಂದು ವರ್ಷಕ್ಕೆ ನೋಡಿದರೆ ಆ ಏರಿಕೆಯ ದೊಡ್ಡ ಪಾಲು ಕರಗಿತ್ತು, ಸ್ವಲ್ಪ ಉಳಿದಿತ್ತು. ಇದನ್ನು ಹೇಳಿದ್ದು ನಿಮ್ಮನ್ನು ಅಧೈರ್ಯಪಡಿಸಲಿಕ್ಕಲ್ಲ. ನಿಮ್ಮ ಹಳೆಯ ಕೇಂದ್ರಗಳಿಂದ ಹೋಗಿ ಈಗ ಆರನೇ ತರಗತಿಯಲ್ಲಿರುವ ಮಕ್ಕಳನ್ನೂ ಒಮ್ಮೆ ಓದಿಸಿ ನೋಡಿ. ವರದಿಗಳಲ್ಲಿ ಯಾರೂ ನೋಡದ ಜಾಗ ಅದು.

ಪರೀಕ್ಷೆ ಯಾರಿಗೆ ಎನ್ನುವಲ್ಲಿ ಬಹಳ ಜನ ಜಾರುತ್ತಾರೆ. ಕೇಂದ್ರಕ್ಕೆ ಬರುವವರಿಗೆ ಮಾತ್ರ ಅಲ್ಲ, ಆ ಊರಿನ 3ರಿಂದ 5ನೇ ತರಗತಿಯ ಎಲ್ಲ ಮಕ್ಕಳಿಗೂ ಮಾಡಬೇಕು, ಬರಲಿ ಬಿಡಲಿ. ಬಂದವರನ್ನಷ್ಟೇ ಅಳೆದರೆ ಓದಿನಲ್ಲಿ ಆಸೆ ಇರುವ ಮನೆಯ ಮಕ್ಕಳನ್ನು ಅಳೆದಂತಾಗುತ್ತದೆ. ಇದರ ಉಲ್ಟಾನೂ ಉಂಟು: ಕೆಲವು ಊರಿನಲ್ಲಿ ಮೇಷ್ಟ್ರು ತೀರಾ ಹಿಂದುಳಿದವರನ್ನೇ ಆರಿಸಿ ಕಳಿಸುತ್ತಾರೆ. ಪರೀಕ್ಷೆಯ ದಿನ ಜ್ವರವೋ ಹೆದರಿಕೆಯೋ ಇದ್ದು ಕಮ್ಮಿ ಬಂದ ಮಗು ಮುಂದಿನ ಸಲ ಯಾರೂ ಏನೂ ಮಾಡದಿದ್ದರೂ ಮೇಲಕ್ಕೆ ಬರುತ್ತದೆ, ಅದೂ ನಿಮ್ಮ ಖಾತೆಗೆ ಜಮಾ ಆಗಿಬಿಡುತ್ತದೆ. ಊರಿನ ಎಲ್ಲ ಮಕ್ಕಳನ್ನೂ ಅಳೆದರೆ ಈ ಎರಡು ತೊಡಕೂ ಬಹುಮಟ್ಟಿಗೆ ತಪ್ಪುತ್ತವೆ.

ಸ್ಯಾಂಪಲ್ ಎಷ್ಟು ಎಂದು ನೀವು ಕೇಳಿಲ್ಲ, ಕಂಪನಿಯವರು ಕೇಳುತ್ತಾರೆ. 384 ಎಂಬ ಸಂಖ್ಯೆ ನಮ್ಮ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಪ್ರಬಂಧಗಳಲ್ಲೆಲ್ಲ ಮಂತ್ರದ ಹಾಗೆ ಸುತ್ತುತ್ತಿರುತ್ತದೆ. ಬಹಳ ದೊಡ್ಡ ಜನಸಂಖ್ಯೆಯಿಂದ ಲಾಟರಿ ಹಾಗೆ ಒಬ್ಬೊಬ್ಬರನ್ನೇ ಎತ್ತಿ, ಒಂದು ಶೇಕಡಾವಾರನ್ನು ಆಚೀಚೆ 5 ಅಂಶದೊಳಗೆ, ಶೇ 95 ಭರವಸೆಯಿಂದ ಅಂದಾಜು ಮಾಡಲು ಬೇಕಾದ ಸಂಖ್ಯೆ ಅದು. ನಿಮ್ಮ ಪ್ರಶ್ನೆ ಅದಲ್ಲ. ನಿಮ್ಮಲ್ಲಿರುವುದು 340 ಮಕ್ಕಳು, ಸ್ಯಾಂಪಲ್ ಏಕೆ, ಎಲ್ಲರನ್ನೂ ಓದಿಸಿ. ಹೋಲಿಕೆಯ ಬಲ ನಿಂತಿರುವುದು ಮಕ್ಕಳ ಸಂಖ್ಯೆಗಿಂತ ಹೆಚ್ಚಾಗಿ ಊರುಗಳ ಸಂಖ್ಯೆಯ ಮೇಲೆ. ಒಂದೇ ಶಾಲೆಯ ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಒಳ್ಳೆಯದಾದರೂ ಕೆಟ್ಟದ್ದಾದರೂ ಎಲ್ಲರಿಗೂ ಒಟ್ಟಿಗೇ ಆಗುತ್ತದೆ. ಊರಿಗೆ 20 ಮಕ್ಕಳಂತೆ ತೆಗೆದುಕೊಂಡರೆ, ಒಂದೇ ಊರಿನ ಮಕ್ಕಳು ಹೀಗೆ ಒಬ್ಬರನ್ನೊಬ್ಬರು ಹೋಲುವ ಪ್ರಮಾಣ (ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ) 0.05ರಷ್ಟು ಇದ್ದರೂ ಸಾಕು, ಅಷ್ಟೇ ನಿಖರತೆಗೆ ಸುಮಾರು ಎರಡು ಪಟ್ಟು ಮಕ್ಕಳು ಬೇಕಾಗುತ್ತಾರೆ. ಆರಕ್ಕೆ ಆರು ಊರು ಎನ್ನುವುದು ಸಣ್ಣ ಅಧ್ಯಯನ. ದೊಡ್ಡ ವ್ಯತ್ಯಾಸವಿದ್ದರೆ ಕಾಣುತ್ತದೆ, ನಾಲ್ಕೈದು ಅಂಶದ ವ್ಯತ್ಯಾಸ ಗದ್ದಲದಲ್ಲಿ ಮುಳುಗಿಹೋಗುತ್ತದೆ. ವರದಿಯ ಮೊದಲ ಪುಟದಲ್ಲೇ ಇದನ್ನು ಬರೆದುಬಿಡಿ.

ಹಳೆಯ 12 ಹಳ್ಳಿಗಳ ಬಗ್ಗೆ ಏನು ಹೇಳಬಹುದು? ಬೇಸ್‌ಲೈನ್ ಇಲ್ಲದ್ದರಿಂದ ‘ಇಷ್ಟು ಬದಲಾವಣೆ ತಂದೆವು’ ಎಂದು ಹೇಳಲಾಗದು. ‘ಮೂರು ವರ್ಷದ ಹಿಂದೆ ನಿಮ್ಮ ಮಗು ಎಷ್ಟು ಓದುತ್ತಿತ್ತು’ ಎಂದು ಪೋಷಕರ ನೆನಪಿನಿಂದ ಬೇಸ್‌ಲೈನ್ ಕಟ್ಟುವುದನ್ನು ಕೆಲವರು ಹೇಳಿಕೊಡುತ್ತಾರೆ, ಅದನ್ನು ಮಾತ್ರ ಮಾಡಬೇಡಿ. ಈಗ ಎಷ್ಟು ಮಕ್ಕಳು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಹೇಳಿ. ಹಾಜರಿ ಪುಸ್ತಕ ಇದೆಯಲ್ಲ, ವರ್ಷದಲ್ಲಿ ಬಹುತೇಕ ದಿನ ಬಂದವರು, ಆಗಾಗ ಬಂದವರು, ಬಂದು ಬಿಟ್ಟವರು ಎಂದು ಮೂರು ಗುಂಪು ಮಾಡಿ ಓದನ್ನು ಪಕ್ಕಪಕ್ಕ ಇಡಿ. ಹೆಚ್ಚು ಬಂದವರು ಚೆನ್ನಾಗಿ ಓದುತ್ತಾರೆ ಎಂದು ಬಹುಶಃ ಕಾಣುತ್ತದೆ. ಬಂದದ್ದರಿಂದ ಓದಿದರೋ, ಓದು ಹತ್ತುವ ಮಕ್ಕಳಾದ್ದರಿಂದ ಬಂದರೋ ಎನ್ನುವುದು ಈ ಲೆಕ್ಕದಲ್ಲಿ ತಿಳಿಯುವುದಿಲ್ಲ. ಕೋಷ್ಟಕದ ಕೆಳಗೆ ಈ ಒಂದು ಸಾಲು ಇರಲಿ. ಶಾಲೆಯ ಅಂಕಪಟ್ಟಿಯನ್ನು ನಾನು ನೆಚ್ಚುವುದಿಲ್ಲ, ಒಬ್ಬೊಬ್ಬ ಮೇಷ್ಟ್ರ ಕೈ ಒಂದೊಂದು ಥರ. ಮೂರನೇ ತರಗತಿಯವರೆಗೆ ನಲಿಕಲಿ (ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಇರುವ ಶಾಲೆಗಳಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಟೀಚರ್ ಹತ್ತಿರ ದಾಖಲೆ ಇರುತ್ತದೆ, ಅದು ಉಪಯೋಗಕ್ಕೆ ಬರಬಹುದು. (ನಲಿಕಲಿ 1995ರಲ್ಲಿ ಶುರುವಾದದ್ದೇ ನಮ್ಮ ಹೆಗ್ಗಡದೇವನಕೋಟೆಯಲ್ಲಿ.)

ಇನ್ನು ಬಾರದವರ ವಿಷಯ. ನಾನು ನಿಮ್ಮ ಜಾಗದಲ್ಲಿದ್ದರೆ ಏಪ್ರಿಲ್ ತಿಂಗಳನ್ನು ಇದಕ್ಕೇ ಮೀಸಲಿಡುತ್ತಿದ್ದೆ. ಬ್ಯಾನರ್ಜಿ, ಡುಫ್ಲೊ, ಪ್ರಥಮ್‌ನ ರುಕ್ಮಿಣಿ ಬ್ಯಾನರ್ಜಿ ಮುಂತಾದವರು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಊರಿನ ಸ್ವಯಂಸೇವಕರಿಂದ ಓದಿನ ಶಿಬಿರ ನಡೆಸಿ ನೋಡಿದ ಅಧ್ಯಯನವೊಂದಿದೆ. ಶಿಬಿರಕ್ಕೆ ಬಂದ ಮಕ್ಕಳ ಓದು ಗಣನೀಯವಾಗಿ ಸುಧಾರಿಸಿತು. ಆದರೆ ಊರಿನ ಮಕ್ಕಳಲ್ಲಿ ಬಂದವರು ನೂರಕ್ಕೆ ಹತ್ತಕ್ಕೂ ಕಡಿಮೆ. ಪಾಠ ಕೆಲಸ ಮಾಡಿತು, ಊರು ಹಾಗೇ ಉಳಿಯಿತು. ನಿಮ್ಮಲ್ಲಿ 340 ಬರುತ್ತಾರೆ ಎಂದಿರಿ. ಆ 12 ಊರಿನಲ್ಲಿ ಮೂರರಿಂದ ಐದನೇ ತರಗತಿಯ ಮಕ್ಕಳು ಒಟ್ಟು ಎಷ್ಟು? ಈ ಸಂಖ್ಯೆ ನಿಮ್ಮ ಪತ್ರದಲ್ಲಿ ಇಲ್ಲ. ಮುಖ್ಯೋಪಾಧ್ಯಾಯರಿಂದ ತೆಗೆದುಕೊಳ್ಳಿ, ಖಾಸಗಿ ಶಾಲೆಯ ವ್ಯಾನ್ ಹತ್ತುವವರನ್ನು ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಹೇಳುತ್ತಾರೆ.

ಹಾಜರಿ ಪುಸ್ತಕದಲ್ಲಿ ಹೆಸರು ಬಂದು ಮೂರು ತಿಂಗಳೊಳಗೆ ಮಾಯವಾದ ಮಕ್ಕಳ ಪಟ್ಟಿ ಮಾಡಿ. ಹೆಸರಿನ ಮುಂದೆ ಬೀದಿ ಬರೆಯಿರಿ. ಊರಿನ ಒಂದು ಚಿತ್ರ ಬರೆದು ಬಿಟ್ಟವರ ಮನೆಗೆಲ್ಲ ಕೆಂಪು ಚುಕ್ಕೆ ಇಡಿ. ಕೇಂದ್ರ ದೇವಸ್ಥಾನದ ಜಗಲಿಯಲ್ಲೋ ಮೇಲಿನ ಬೀದಿಯ ದೊಡ್ಡ ಮನೆಯ ಪಡಸಾಲೆಯಲ್ಲೋ ನಡೆಯುತ್ತಿದ್ದರೆ ಚುಕ್ಕೆಗಳು ಎಲ್ಲಿ ಗುಂಪುಗೂಡುತ್ತವೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಯಾರೂ ಯಾರನ್ನೂ ಬರಬೇಡ ಎಂದಿರುವುದಿಲ್ಲ. ಕೇರಿಯ ಮಗು ಎರಡು ದಿನ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಮೂರನೇ ದಿನ ಬಿಟ್ಟಿರುತ್ತದೆ. ಹೆಣ್ಣುಮಕ್ಕಳಿಗೆ ಕತ್ತಲಾದ ಮೇಲೆ ವಾಪಸ್ ಬರುವುದು ತೊಡಕು, ಮನೆಯಲ್ಲಿ ಸಂಜೆ ಹಸು ಕರೆಯುವ ಹೊತ್ತಿಗೆ ತಮ್ಮನನ್ನು ನೋಡಿಕೊಳ್ಳಬೇಕು. ಕೆಲವರ ಅಪ್ಪ ಅಮ್ಮ ನೀರಿಲ್ಲದ ವರ್ಷ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಮಗು ಅಜ್ಜಿಯ ಊರು ಸೇರಿರುತ್ತದೆ. ಒಂದೊಂದಕ್ಕೂ ಪರಿಹಾರ ಬೇರೆ: ಜಾಗ ಬದಲಿಸುವುದು, ಹೊತ್ತು ಬದಲಿಸುವುದು, ಚಿಕ್ಕ ಮಗುವನ್ನೂ ಕರೆತರಲು ಬಿಡುವುದು. ಈ ತಿಳಿವಳಿಕೆ ಯಾವ ಶೇಕಡಾವಾರಿನಲ್ಲೂ ಸಿಗುವುದಿಲ್ಲ, ಹತ್ತಿಪ್ಪತ್ತು ಮನೆಯಲ್ಲಿ ಕೂತು ಮಾತಾಡಿದರೆ ಸಿಗುತ್ತದೆ.

ಮಾತಾಡುವಾಗ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ‘ಕೇಂದ್ರ ಹೇಗಿದೆ’ ಎಂದರೆ ಉಪಚಾರದ ಉತ್ತರ ಬರುತ್ತದೆ. ‘ನೆನ್ನೆ ಸಂಜೆ ಮಗ ಏನ್ ಮಾಡ್ತಿದ್ದ? ಕೊನೇ ಸಲ ಕೇಂದ್ರಕ್ಕೆ ಹೋಗಿದ್ದು ಯಾವಾಗ? ಅವತ್ತು ಏನಾಯ್ತು?’ ಎಂದರೆ ಕಥೆ ಬಿಚ್ಚಿಕೊಳ್ಳುತ್ತದೆ. ಆ ಊರಿನ ಶಿಕ್ಷಕಿ ಜೊತೆಗಿರಬಾರದು. ಹೋಗುವವರು ಹೆಂಗಸರಾದರೆ ಒಳ್ಳೆಯದು, ಹೊತ್ತು ಬೆಳಿಗ್ಗೆ ಎಂಟರೊಳಗೆ ಅಥವಾ ದೀಪ ಹಚ್ಚಿದ ಮೇಲೆ. ನಾಟಿ, ಕೊಯ್ಲಿನ ಸಮಯದಲ್ಲಿ ಹಗಲು ಹೋದರೆ ಬೀಗ ಹಾಕಿದ ಬಾಗಿಲು ಎಣಿಸಿಕೊಂಡು ಬರಬೇಕಾಗುತ್ತದೆ.

‘ನಾವೇ ಮಾಡಿದರೆ ನಂಬುತ್ತಾರಾ’ ಎಂದಿರಿ. ನಿಮ್ಮ ಶಿಕ್ಷಕಿ ತನ್ನದೇ ಮಕ್ಕಳನ್ನು ಪರೀಕ್ಷಿಸಿದರೆ ನಾನೂ ನಂಬುವುದಿಲ್ಲ. ಬೇಕೆಂದು ಸುಳ್ಳು ಬರೆಯುತ್ತಾಳೆಂದಲ್ಲ, ಮಗು ತಡವರಿಸಿದಾಗ ತುಟಿ ತಾನಾಗಿ ಅಲುಗುತ್ತದೆ. ಕನಿಷ್ಠ ಊರು ಅದಲುಬದಲು ಮಾಡಿ. ಮೈಸೂರು ವಿಶ್ವವಿದ್ಯಾನಿಲಯದ ಸಮಾಜಕಾರ್ಯ ವಿಭಾಗವನ್ನೋ, ಮಂಡ್ಯದಲ್ಲಿ ಎಂಎಸ್‌ಡಬ್ಲ್ಯು, ಬಿಎಡ್ ಇರುವ ಕಾಲೇಜನ್ನೋ ಕೇಳಿ. ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಹೇಗೂ ಬೇಕು, ಬಸ್ಸು, ಊಟ, ದಿನಕ್ಕಿಷ್ಟು ಎಂದು ಕೊಟ್ಟು ಎರಡು ದಿನ ತರಬೇತಿ ಮಾಡಿಸಿ. ಯಾವ ಊರಿನಲ್ಲಿ ಕೇಂದ್ರವಿದೆ, ಯಾವುದರಲ್ಲಿಲ್ಲ ಎಂದು ಅವರಿಗೆ ನೀವಾಗಿ ಹೇಳಬೇಡಿ. ಹತ್ತರಲ್ಲಿ ಒಂದು ಮಗುವನ್ನು ಮರುದಿನ ಬೇರೆಯವರು ಮತ್ತೆ ಓದಿಸಲಿ, ಎರಡು ಫಲಿತಾಂಶ ಎಷ್ಟು ಕೂಡಿಬಂದವು ಎಂದು ವರದಿಯಲ್ಲಿ ಹಾಕಿ. ಈ ಒಂದು ಸಾಲು ದೊಡ್ಡ ಲೆಟರ್‌ಹೆಡ್‌ಗಿಂತ ಹೆಚ್ಚು ನಂಬಿಕೆ ತರುತ್ತದೆ. ವಿನ್ಯಾಸವನ್ನು ಒಮ್ಮೆ ಬಲ್ಲವರ ಕಣ್ಣಿಗೆ ಹಾಕಬೇಕೆಂದರೆ ಮೈಸೂರಿನಲ್ಲೇ ‘ಗ್ರಾಮ್’ ಎಂಬ ಸಂಶೋಧನಾ ಸಂಸ್ಥೆ ಇದೆ, ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲೂ ವಿಚಾರಿಸಬಹುದು. ಮೌಲ್ಯಮಾಪನ ವರದಿ ಹೇಗಿರುತ್ತದೆ ಎಂದು ನೋಡಲು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರದ ವರದಿಗಳನ್ನು ತಿರುವಿಹಾಕಿ. ಅಷ್ಟು ದಪ್ಪ ಬೇಡ, ಶಿಸ್ತು ಮಾತ್ರ ಕಲಿಯಿರಿ.

ಶಾಲೆಯೊಳಗೆ ಪರೀಕ್ಷೆ ಮಾಡಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ ಬೇಕು, ಅದಕ್ಕೆ ಈಗಲೇ ಅರ್ಜಿ ಕೊಡಿ, ತಡವಾಗುತ್ತದೆ. ಪೋಷಕರ ಒಪ್ಪಿಗೆ ಪಡೆಯಿರಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ‘5ನೇ ತರಗತಿಯ ಇಂಥವಳಿಗೆ ಅಕ್ಷರ ಬಾರದು’ ಎಂದು ಫೋಟೊ ಸಮೇತ ಕಂಪನಿಗೆ ಕಳಿಸುವುದು ಸರಿಯಲ್ಲ. ಮಕ್ಕಳಿಗೆ ನಂಬರ್ ಕೊಡಿ, ಹೆಸರಿನ ಪಟ್ಟಿ ನಿಮ್ಮ ಬೀರುವಿನಲ್ಲಿರಲಿ. ಮೊಬೈಲ್‌ನಲ್ಲಿ ದಾಖಲಿಸಲು ಕೋಬೋ ಟೂಲ್‌ಬಾಕ್ಸ್ ಎಂಬ ತಂತ್ರಾಂಶ ಕನ್ನಡದಲ್ಲೂ ನಡೆಯುತ್ತದೆ. ಕಾಗದದಲ್ಲಿ ಬರೆದು ಎಕ್ಸೆಲ್‌ಗೆ ಏರಿಸಿದರೂ ಏನೂ ಕೆಡುವುದಿಲ್ಲ.

ಕಂಪನಿಯ ನಮೂನೆಯಲ್ಲಿ ಪ್ರಸ್ತುತತೆ, ಸಂಗತತೆ, ಪರಿಣಾಮಕಾರಿತ್ವ, ದಕ್ಷತೆ, ಪರಿಣಾಮ, ಸುಸ್ಥಿರತೆ ಎಂದು ಆರು ತಲೆಬರಹ ಇರಬಹುದು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯವರು ಆ ದೇಶಗಳ ನೆರವಿನ ಯೋಜನೆಗಳಿಗೆಂದು 1991ರಲ್ಲಿ ಐದು ಮಾನದಂಡ ಮಾಡಿ 2019ರಲ್ಲಿ ಆರನೆಯದನ್ನು ಸೇರಿಸಿದ ಪಟ್ಟಿ ಅದು. ಆರೂ ತುಂಬಲೇಬೇಕೆಂಬ ನಿಯಮವಿಲ್ಲ, ನಿಮ್ಮ ಎರಡು ಪ್ರಶ್ನೆಗೆ ಹೊಂದುವುದನ್ನು ತುಂಬಿ, ಉಳಿದದ್ದರ ಮುಂದೆ ‘ಈ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ’ ಎಂದು ಬರೆಯಿರಿ. ‘ಹೂಡಿದ ಒಂದು ರೂಪಾಯಿಗೆ ಸಮಾಜಕ್ಕೆ ಇಷ್ಟು ರೂಪಾಯಿ ಲಾಭ’ ಎಂಬ ಲೆಕ್ಕ ಕೇಳಿದರೆ ಕೈಮುಗಿದು ಬೇಡವೆನ್ನಿ. ಐದನೇ ತರಗತಿ ಮಗು ಪ್ಯಾರಾ ಓದಿದ್ದಕ್ಕೆ ಇಪ್ಪತ್ತು ವರ್ಷದ ಮುಂದಿನ ಸಂಬಳ ಊಹಿಸಿ ಬೆಲೆ ಕಟ್ಟುವ ಆ ಕಸರತ್ತಿನಲ್ಲಿ ಯಾವ ಅಂಕಿ ಬೇಕಾದರೂ ಬರಿಸಬಹುದು. ಒಂದು ಮಗುವಿಗೆ ವರ್ಷಕ್ಕೆ ಎಷ್ಟು ಖರ್ಚಾಯಿತು ಎಂಬುದು ಮಾತ್ರ ಇರಲಿ. 18 ಲಕ್ಷವನ್ನು 340ರಿಂದ ಭಾಗಿಸಿದರೆ ಸುಮಾರು 5,300 ರೂಪಾಯಿ.

ವರದಿ ಕಂಪನಿಗೆ ಹೋಗುವ ಮೊದಲು ಊರಿಗೆ ಹೋಗಲಿ. ಎಸ್‌ಡಿಎಂಸಿ ಸಭೆಯಲ್ಲಿ ‘ನಮ್ಮೂರ ಐದನೇ ತರಗತಿಯ ಇಷ್ಟು ಮಕ್ಕಳಲ್ಲಿ ಇಷ್ಟು ಜನ ಕಥೆ ಓದುತ್ತಾರೆ’ ಎಂದು ಗೋಡೆಗೆ ಹಾಳೆ ಅಂಟಿಸಿ ತೋರಿಸಿ, ಊರಿನ ಒಟ್ಟು ಲೆಕ್ಕ ಮಾತ್ರ, ಮಕ್ಕಳ ಹೆಸರಿಲ್ಲದೆ. ನೀವು ತಪ್ಪು ತಿಳಿದದ್ದನ್ನು ಅಲ್ಲಿ ಯಾರಾದರೂ ತಿದ್ದುತ್ತಾರೆ. ಮೇಷ್ಟ್ರ ಮೇಲೆ ದೂರು ಎಂದಾಗದ ಹಾಗೆ ಅವರನ್ನು ಮೊದಲೇ ಭೇಟಿಯಾಗಿ ತೋರಿಸಿರಿ, ಇಲ್ಲದಿದ್ದರೆ ಮುಂದಿನ ವರ್ಷ ಶಾಲೆಯ ಗೇಟು ತೆಗೆಯುವುದಿಲ್ಲ.

ಹೊಸ ಊರುಗಳಲ್ಲಿ ವ್ಯತ್ಯಾಸ ಏನೂ ಕಾಣದಿದ್ದರೆ? ಅದನ್ನೂ ಹಾಗೇ ಬರೆಯಿರಿ, ಆದರೆ ಕೇಂದ್ರ ನಿಜಕ್ಕೂ ನಡೆದಿತ್ತೇ ಎಂದು ಮೊದಲು ನೋಡಿ. ವಾರಕ್ಕೆ ಐದು ದಿನ ಎಂದು ಕಾಗದದಲ್ಲಿದ್ದು, ಶಿಕ್ಷಕಿಗೆ ಮದುವೆಯಾಗಿ ಹೋಗಿ ಎರಡು ತಿಂಗಳು ಬಾಗಿಲು ಮುಚ್ಚಿದ್ದರೆ ನೀವು ಅಳೆದದ್ದು ಮುಚ್ಚಿದ ಬಾಗಿಲನ್ನು. ಅದಕ್ಕೇ ತಿಂಗಳಿಗೊಮ್ಮೆ ಹೇಳದೆ ಕೇಳದೆ ಹೋಗಿ, ಕೇಂದ್ರ ತೆಗೆದಿತ್ತೇ, ಎಷ್ಟು ಮಕ್ಕಳಿದ್ದರು, ಓದಿಸುತ್ತಿದ್ದರೋ ಹೋಂವರ್ಕ್ ಬರೆಸುತ್ತಿದ್ದರೋ ಎಂದು ಮೂರೇ ಕಾಲಮಿನ ಟಿಪ್ಪಣಿ ಇಡಿ.

ಈ ವಾರ ಕಂಪನಿಗೆ ಒಂದು ಪುಟದ ಪತ್ರ ಬರೆಯಿರಿ. 2021ರ ನಿಯಮ ತಮಗೆ ಅನ್ವಯವಾಗುತ್ತದೆಯೇ ಎಂದು ಕೇಳಿ. ಹಳೆಯ ಊರುಗಳ ಈಗಿನ ಓದಿನ ಮಟ್ಟ ಮತ್ತು ಬಿಟ್ಟುಹೋದ ಮಕ್ಕಳ ವರದಿಯನ್ನು ಮೇ ಕೊನೆಗೆ ಕೊಡುತ್ತೇವೆ, ಹೊಸ ಊರುಗಳ ಹೋಲಿಕೆಯ ವರದಿಯನ್ನು ಮುಂದಿನ ಏಪ್ರಿಲ್‌ಗೆ ಕೊಡುತ್ತೇವೆ ಎಂದು ತಿಳಿಸಿ. ಶಾಲೆ ಇನ್ನೂ ನಡೆಯುತ್ತಿರುವಾಗಲೇ, ಬೇಸಿಗೆ ರಜೆಗೆ ಮುಂಚೆ, ಹಳೆಯ ಊರುಗಳ ಮಕ್ಕಳನ್ನು ಓದಿಸಿ ಮುಗಿಸಿ. ಖರ್ಚೆಂದರೆ ಪರೀಕ್ಷಕರ ದಿನಭತ್ಯೆ, ಪ್ರಯಾಣ, ಹಾಳೆಗಳ ಮುದ್ರಣ, ವಿನ್ಯಾಸ ನೋಡಿಕೊಡುವವರ ಗೌರವಧನ. ಅದನ್ನು ಮುಂದಿನ ವರ್ಷದ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬತ್ತಾಗಿ ತೋರಿಸಿ, ಪತ್ರದ ಜೊತೆಗೇ ಲಗತ್ತಿಸಿ.